ಆರದ ಕಂದೀಲು

ನಮ್ಮವರು ಆಪತ್ತಿಗೆ ಸಿದ್ಧರಾಗುವ ಭರದಲ್ಲಿ ಒಂದು ಆಪತ್ತನ್ನು ತಾವೇ ತಯಾರಿಸಿದರು. ಅದನ್ನು ನೆಲದೊಳಗೆ ಹೂತು, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಒಂದು ಮಳೆಗಾಲ ಮಾಗಲು ಬಿಟ್ಟು, ಆಮೇಲೆ ಬಂಧುಬಳಗವನ್ನೆಲ್ಲ ಕರೆದು ಅದರ ಬಾಯಿ ತೆರೆಸಿದರು. ಒಳಗೆ ಇಳಿದವರೂ ಅವರೇ. ಪ್ರಾಣ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ತಪ್ಪಿಸಿದ್ದು ತಮ್ಮ ಮುನ್ನೆಚ್ಚರಿಕೆ ಎಂದು ಇಂಡಿ ಊರಿನ ಬಜಾರದಲ್ಲಿ ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಕೇಳುವವರು ಇದ್ದಾರೆ, ಹೇಳುತ್ತಾರೆ. ನಡೆದದ್ದನ್ನು ನಾನು ಹೇಳುತ್ತೇನೆ.

ಅವರ ಹೆಸರು ಸಂಕರ್ಷಣರಾವ್. ಸರಕಾರಿ ಕಚೇರಿಯ ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಬರೆದದ್ದಕ್ಕೆ ಸಹಿ ಹಾಕುತ್ತ, ಜವಾನ ತಂದಿಟ್ಟ ನೀರು ಕುಡಿಯುತ್ತ ನಿವೃತ್ತರಾದವರು. ನಮ್ಮ ಮನೆ ಇಂಡಿಯಲ್ಲಿ. ಹೊಲ ಮತ್ತು ಹಿರಿಯರ ವಾಡೆ ಅಗರಖೇಡದಲ್ಲಿ. ಎರಡನ್ನೂ ನೋಡಿಕೊಳ್ಳುವವನು ಮಾಳಿಂಗ. ನಾನು ವಸುಧಾ, ಅವರ ಹೆಂಡತಿ, ಬಸವನ ಬಾಗೇವಾಡಿಯ ಮಗಳು, ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವಳು. ನಮ್ಮವರಿಗೆ ಗೋಡೆಗೆ ಮೊಳೆ ಹೊಡೆಯಲು ಬರುವುದಿಲ್ಲ. ಗ್ಯಾಸ್ ಸಿಲಿಂಡರ್ ಬದಲಿಸಲು ಬರುವುದಿಲ್ಲ. ಅಂಗಿಗೆ ಗುಂಡಿ ಹಚ್ಚಲು, ನಲ್ಲಿಗೆ ವಾಶರ್ ಹಾಕಲು, ಕಡೆಗೆ ತೆಂಗಿನಕಾಯಿಯನ್ನು ಸರಿಯಾಗಿ ಎರಡು ಹೋಳು ಮಾಡಲು ಕೂಡ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಇದೆಲ್ಲ ದೊಡ್ಡವರ ದೊಡ್ಡಸ್ತಿಕೆ ಎಂದು ತಿಳಿದಿದ್ದೆ. ಬರಬರುತ್ತ ಗೊತ್ತಾಯಿತು, ದೊಡ್ಡಸ್ತಿಕೆ ಏನೂ ಅಲ್ಲ, ಬರುವುದಿಲ್ಲ ಅಷ್ಟೇ.

ಭೀಮಾ ದಂಡೆ ಮೀರಿ ಬಂದ ವರ್ಷ ಇಂಡಿಯಲ್ಲೂ ಕರೆಂಟು ಹೋಯಿತು. ಹೊಳೆಯ ನೀರು ನಮ್ಮ ಓಣಿಯ ಹತ್ತಿರಕ್ಕೂ ಬಂದಿರಲಿಲ್ಲ. ಎಲ್ಲೋ ಕಂಬ ಬಿದ್ದು ದೀಪ ಹೋದವು, ಅಷ್ಟಕ್ಕೇ ಓಣಿಯ ಪದವೀಧರರೆಲ್ಲ ದಿಕ್ಕಿಲ್ಲದವರಾದರು. ಮೋಟಾರು ತಿರುಗದೆ ನಮ್ಮ ಮಾಳಿಗೆಯ ಟಾಕಿ ಬರಿದಾಯಿತು. ನಮ್ಮವರು ಸಂಡಾಸಕ್ಕೆ ಹೋಗುವುದನ್ನು ಮುಂದೂಡಿ, ಮೊಬೈಲಿನಲ್ಲಿ ಉಳಿದಿದ್ದ ಅಷ್ಟಿಷ್ಟು ಚಾರ್ಜನ್ನು ‘ನಿಮ್ಮಲ್ಲಿ ಕರೆಂಟು ಇದೆಯೇ’ ಎಂದು ಊರೂರಿಗೆ ಕೇಳಿ ಮುಗಿಸಿದರು. ಎದುರುಮನೆಯ ರಾಚಪ್ಪನವರ ಹಿತ್ತಲಲ್ಲಿ ಕೈಪಂಪು ಇತ್ತು. ಒಂದು ಕೊಡ ತುಂಬುವಷ್ಟರಲ್ಲಿ ಇವರಿಗೆ ಏದುಸಿರು ಹತ್ತಿತು. ಉಳಿದ ಕೊಡಗಳನ್ನು ರಾಚಪ್ಪನವರ ಹೆಂಡತಿ ತುಂಬಿಸಿ ಕೊಟ್ಟಳು, ಇವರು ಪಕ್ಕದಲ್ಲಿ ನಿಂತು ದೇಶದ ವಿದ್ಯುತ್ ಪರಿಸ್ಥಿತಿಯ ಬಗ್ಗೆ ಅವಳಿಗೆ ತಿಳಿಸಿ ಹೇಳಿದರು.

ಅಲ್ಲಿಗೆ ನಾಚಿಕೆಯಾಗಿ ಪಂಪು ಹೊಡೆಯುವುದನ್ನಾದರೂ ರೂಢಿ ಮಾಡಿಕೊಂಡಾರು ಎಂದುಕೊಂಡೆ. ಮಾಡಿಕೊಳ್ಳಲಿಲ್ಲ. ಸಾಮಾನು ಕೊಂಡರು.

ಮೊದಲು ವಿಪತ್ತು ಸಿದ್ಧತೆಯ ತರಬೇತಿ ಎಂದು ಎಲ್ಲಿಗೋ ಹೋಗಿ ಪ್ಲಾಸ್ಟಿಕ್ ಗೊಂಬೆಯ ಎದೆ ಒತ್ತಿ, ಊಟ ಮಾಡಿ, ಪ್ರಮಾಣಪತ್ರ ತಂದರು. ಅದಕ್ಕೆ ಚೌಕಟ್ಟು ಹಾಕಿಸಿ ದೇವರ ಕೋಣೆಯ ಬಾಗಿಲ ಪಕ್ಕ ತೂಗುಹಾಕಿದರು. ಆಮೇಲೆ ಒಂದು ಕೆಂಪು ಚೀಲ ಬಂತು. ಅದರಲ್ಲಿ ಸೀಟಿ, ನೈಲಾನ್ ಹಗ್ಗ, ಬ್ಯಾಟರಿ, ನೀರಿಗೆ ಹಾಕುವ ಗುಳಿಗೆ, ಚಕಮಕ ಹೊಳೆಯುವ ಕಾಗದದಂಥ ಹೊದಿಕೆ. ಯಾವುದರ ಪಾಕೀಟನ್ನೂ ಒಡೆಯುವಂತಿರಲಿಲ್ಲ, ಒಡೆದರೆ ಸಿದ್ಧತೆ ಕೆಡುತ್ತದಂತೆ. ವಾರಕ್ಕೊಮ್ಮೆ ಚೀಲದ ಧೂಳು ಒರೆಸುವ ಕೆಲಸ ನನ್ನದು.

ಬಂಧುಗಳನ್ನು ಸೇರಿಸಿ ವಾಟ್ಸಾಪಿನಲ್ಲಿ ‘ಸನ್ನದ್ಧ ಕುಟುಂಬ’ ಎಂದು ಒಂದು ಗುಂಪು ಕಟ್ಟಿದರು. ಆ ಕುಟುಂಬದ ವೀರರ ಬಗ್ಗೆ ಎರಡು ಮಾತು ಹೇಳಲೇಬೇಕು. ಸಿಂದಗಿಯಲ್ಲಿ ನಮ್ಮವರ ಚಿಕ್ಕಪ್ಪನ ಮಗ ವೆಂಕಟೇಶ ಇದ್ದಾನೆ. ಅವನ ಮನೆಯ ಅಂಗಳದಲ್ಲಿ ಬಾವಿ ಇದೆ, ಆದರೆ ತುಳಸಿಗೆ ಕೂಡ ಅಂಗಡಿಯ ಕ್ಯಾನಿನ ನೀರು. ಹಗ್ಗ ಸೇದಿದರೆ ಅವನ ಭುಜ ನೋಯುತ್ತದೆ, ಅದೇ ಭುಜಕ್ಕೆ ದುಡ್ಡು ಕೊಟ್ಟು ಜಿಮ್ಮಿನಲ್ಲಿ ಭಾರ ಎತ್ತಿಸುತ್ತಾನೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಕಲಿಸುವ ನಮ್ಮವರ ಸೋದರಸೊಸೆ ಮಂಜರಿ ಬೀಗದಕೈ ಬೇಡದ ಬಾಗಿಲು ಹಾಕಿಸಿದ್ದಾಳೆ. ಒಮ್ಮೆ ಅದರ ಬ್ಯಾಟರಿ ಸತ್ತು ಗಂಡಹೆಂಡತಿ ತಮ್ಮ ಮನೆಯ ಎದುರಿನ ಲಾಡ್ಜಿನಲ್ಲಿ ಮಲಗಿ ಎದ್ದರು. ತವರಿನವನೆಂದು ನನ್ನ ತಮ್ಮ ಕಾಂತುವನ್ನು ಬಿಡುವವಳಲ್ಲ ನಾನು. ಬಾಗೇವಾಡಿಯಿಂದ ಸೊಲ್ಲಾಪುರಕ್ಕೆ ಹೊರಟವನ ಕಾರು ಝಳಕಿಯ ಹತ್ತಿರ ಪಂಕ್ಚರ್ ಆಯಿತು. ಅರ್ಧ ದಿನ ಕಾರಿನೊಳಗೆ ಎಸಿ ಹಾಕಿಕೊಂಡು ಕೂತ. ಕಾರಿನ ಡಿಕ್ಕಿಯಲ್ಲಿ ಜಾಕ್ ಇರುತ್ತದೆ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು. ಇಂಥವರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಕೆಳಗೆ ‘ಸದಾ ಸಿದ್ಧರಾಗಿರಿ’ ಎಂದು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು.

ನನ್ನದೇನು ಕಡಿಮೆ ಎಂದು ಕೇಳಬಹುದು. ಕಡಿಮೆಯಲ್ಲ. ನನಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ, ಅರ್ಧ ಬಡಿಯುವಷ್ಟರಲ್ಲಿ ಅಂಚು ಸೀಳುತ್ತದೆ. ಬಸ್ ಸ್ಟ್ಯಾಂಡಿನ ಹಿಂದೆ ಶಮಶಾದಬಿ ರೊಟ್ಟಿ ಮಾರುತ್ತಾಳೆ, ಅವಳು ಮಗಳ ಬಾಣಂತನಕ್ಕೆ ಹೋದ ತಿಂಗಳು ನಮ್ಮ ಮನೆಯಲ್ಲಿ ಬರೀ ಅನ್ನ. ಆದರೆ ನಾನು ಅದರ ಮೇಲೆ ಪ್ರಮಾಣಪತ್ರ ತೂಗುಹಾಕಿಕೊಂಡಿಲ್ಲ. ಬರುವುದಿಲ್ಲ ಎಂದರೆ ಬರುವುದಿಲ್ಲ ಎನ್ನುತ್ತೇನೆ. ನಮ್ಮವರಿಗೆ ಅದೊಂದು ಮಾತು ಮಾತ್ರ ಬಾಯಲ್ಲಿ ಬಂದದ್ದಿಲ್ಲ, ಹಾಗಾಗಿ ಅವರ ಪರವಾಗಿ ಅದನ್ನು ನಾನೇ ಹೇಳುತ್ತ ಬಂದೆ.

ಹಗೇವಿನ ಹುಚ್ಚು ಹಿಡಿದದ್ದು ಈ ಗುಂಪಿನಿಂದಲೇ. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ ಹಗೇವು ಇರುತ್ತಿತ್ತು. ಅಂಗಳದ ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಹಿಂದಿನವರು ಅದರಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಚಿಂತೆ ಇರಲಿಲ್ಲ. ಅಗರಖೇಡದ ನಮ್ಮ ವಾಡೆಯ ಹಗೇವು ನಾನು ಮದುವೆಯಾಗಿ ಬರುವ ಮೊದಲೇ ಬರಿದಾಗಿತ್ತು, ಅದರ ಕಲ್ಲಿನ ಮೇಲೆ ಕೂತು ಕೋಳಿಗಳು ಬಿಸಿಲು ಕಾಯಿಸುತ್ತಿದ್ದವು. ನಮ್ಮವರು ಆ ಕಲ್ಲಿನ ಚಿತ್ರ ತೆಗೆದು ಗುಂಪಿಗೆ ಹಾಕಿ, ನಮ್ಮ ಪೂರ್ವಜರ ವಿಪತ್ತು ನಿರ್ವಹಣೆ ಎಂದು ಬರೆದರು. ಹೊಗಳಿಕೆ ಸುರಿಯಿತು. ಹಿಂಗಾರಿ ಜೋಳ ಬಂದ ಕೂಡಲೇ ಹಗೇವು ತುಂಬಿಸುವುದೆಂದು ನಿಶ್ಚಯವಾಯಿತು.

ತುಂಬಿಸಿದ ಚಂದ ಕೇಳಿ. ಒಳಗೋಡೆಗೆ ದಪ್ಪಗೆ ಹುಲ್ಲು ಹೊಟ್ಟು ಒತ್ತಬೇಕಂತೆ, ಇವರು ನೀಲಿ ತಾಡಪತ್ರಿ ಹಾಸಿದರು, ಅದು ಸ್ವಚ್ಛವಂತೆ. ಜೋಳವನ್ನು ಕಟಕಟ ಒಣಗಿಸಬೇಕಂತೆ, ಇವರು ಮಾರ್ಕೆಟ್ಟಿನಿಂದ ಚೀಲದಲ್ಲಿ ತಂದದ್ದನ್ನು ಹಾಗೇ ಸುರಿಸಿದರು. ಹಗೇವನ್ನು ಕುತ್ತಿಗೆಯ ತನಕ ತುಂಬಬೇಕಂತೆ, ಒಳಗೆ ಗಾಳಿಗೆ ಜಾಗ ಇರಬಾರದಂತೆ. ಇವರು ಕಾಲು ಭಾಗ ತುಂಬಿಸಿ, ಇದು ಸಾಂಕೇತಿಕ ಎಂದರು. ಉಳಿದ ಮುಕ್ಕಾಲು ಖಾಲಿ ಬಿಟ್ಟು ಕಲ್ಲು ಮುಚ್ಚಿ ಮಣ್ಣು ಮೆತ್ತಿಸಿದರು. ಈ ‘ಅಂತೆ’ಗಳೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಅಲ್ಲಿ ಇದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಾಳಿಂಗನಿಗೂ ಇಲ್ಲ, ಅವನು ಹುಟ್ಟಿದ ಮೇಲೆ ಊರಲ್ಲಿ ಹಗೇವು ತುಂಬಿದ್ದನ್ನು ಯಾರೂ ಕಂಡಿಲ್ಲ. ಅವನು ಟ್ರ್ಯಾಕ್ಟರ್ ಹೊಡೆಯುವವನು.

ಗೊತ್ತಿದ್ದವರು ನಮ್ಮತ್ತೆ ಇಂದೂಬಾಯಿ ಒಬ್ಬರೇ. ಅವರು ಇಂಡಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಅವರಿಗೂ ನೆನಪಿದ್ದದ್ದು ಅರ್ಧ. ದಸರೆಯ ರಜೆಯಲ್ಲಿ ಹಗೇವು ತೆರೆಯುತ್ತೇವೆ, ಆಶೀರ್ವಾದ ಮಾಡು ಎಂದು ಮಗ ಹೋಗಿ ಕಾಲಿಗೆ ಬಿದ್ದಾಗ ಅವರು ಹೇಳಿದರು.

“ಬಾಯಿ ತಗದ ಕೂಡ್ಲೆ ಯಾರೂ ಇಳೀತಿದ್ದಿಲ್ಲಪಾ. ಮದಲ ದೀಪಾ ಬಿಡ್ತಿದ್ರು. ಆ ದೀಪಾ ಆರಿದ್ರ ಇಳೀಬ್ಯಾಡ.”

ನಮ್ಮವರು ಅದನ್ನು ತಾಯಿಯ ಬಾಯಿಂದ ಬಂದ ಶಾಸ್ತ್ರವೆಂದು ಗುಂಪಿಗೆ ಹಾಕಿದರು. ದೀಪಪರೀಕ್ಷೆ ಎಂದು ಅದಕ್ಕೊಂದು ಹೆಸರೂ ಇಟ್ಟರು. ಯಾವ ದೀಪ ಎಂಬ ಪ್ರಶ್ನೆ ಬಂದಾಗ ಅವರ ಮುಖ ಅರಳಿತು. ನಮ್ಮ ನಡುಮನೆಯಲ್ಲಿ ಅಜ್ಜನ ಕಾಲದ ಹಿತ್ತಾಳೆಯ ಕಂದೀಲು ಇದೆ. ಈಗ ಚಿಮಣಿ ಎಣ್ಣೆ ಎಲ್ಲಿ ಸಿಗಬೇಕು. ಅದರೊಳಗಿನ ಬತ್ತಿ ಕಿತ್ತು ಬ್ಯಾಟರಿಯ ಬಲ್ಬು ಹಾಕಿಸಿ, ಬಂದವರಿಗೆ ತೋರಿಸಲೆಂದು ತೂಗುಹಾಕಿದ್ದರು. ಗುಂಡಿ ಒತ್ತಿದರೆ ಹಳದಿ ಬೆಳಕು ಮಿಣಿಮಿಣಿ ಎನ್ನುತ್ತದೆ, ಉರಿಯ ಹಾಗೇ ಅಲುಗಾಡುತ್ತದೆ ಕೂಡ. ಅದನ್ನೇ ಇಳಿಸುವುದು ಎಂದಾಯಿತು. ಅಜ್ಜನ ಕಂದೀಲು, ಅಜ್ಜನ ಹಗೇವು, ಎಂಥ ಯೋಗ ಎಂದು ಮಂಜರಿ ಬರೆದಳು.

ಆ ದಿನ ಬೆಳಿಗ್ಗೆ ವಾಡೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಸಿಂದಗಿಯವರು, ಮುದ್ದೇಬಿಹಾಳದವರು, ಬಾಗೇವಾಡಿಯವರು ಕಾರುಗಳಲ್ಲಿ ಬಂದಿಳಿದರು. ಊರ ಜನವೂ ಒಂದಿಷ್ಟು ಸೇರಿತ್ತು. ನಮ್ಮವರು ಸ್ನಾನ ಮಾಡಿ ಮಡಿ ಉಟ್ಟು, ನಾಮ ಹಚ್ಚಿಕೊಂಡು, ಬರಿ ಮೈಮೇಲೆ ಕೆಂಪು ಚೀಲ ಏರಿಸಿ ಭಾಷಣ ಮಾಡಿದರು. ಮೊದಲ ಬುಟ್ಟಿ ಜೋಳ ದೇವರ ನೈವೇದ್ಯಕ್ಕೆ ಎಂದು ಘೋಷಿಸಿದರು. ವೆಂಕಟೇಶ ಮೊಬೈಲು ಹಿಡಿದು ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದ.

ಮಾಳಿಂಗ ಹಾರೆ ಹಾಕಿ ಕಲ್ಲು ಎಬ್ಬಿಸಿದ. ಒಳಗಿನಿಂದ ಹುಳಿ ವಾಸನೆ ಬಂತು, ಮರೆತು ಬಿಟ್ಟ ಇಡ್ಲಿ ಹಿಟ್ಟಿನ ಹಾಗೆ. ಹಿಟ್ಟು ಹುಳಿ ಬಂದಂತೆ ನಾರುತ್ತಿದೆಯಲ್ಲ ಎಂದೆ. ಇದು ಮಣ್ಣಿನ ವಾಸನೆ ಅತ್ತಿಗೆ, ನಮಗೆ ಮರೆತುಹೋಗಿದೆ ಎಂದು ವೆಂಕಟೇಶ ಕಣ್ಣುಮುಚ್ಚಿ ಉಸಿರೆಳೆದುಕೊಂಡ. ಕ್ಯಾನಿನ ನೀರು ಕುಡಿಯುವವನಿಂದ ಮಣ್ಣಿನ ಪಾಠ ಹೇಳಿಸಿಕೊಂಡಿದ್ದಾಯಿತು.

ಕಂದೀಲಿಗೆ ಕುಂಕುಮ ಹಚ್ಚಿ, ಗುಂಡಿ ಒತ್ತಿ, ದಾರ ಕಟ್ಟಿ ಒಳಗೆ ಬಿಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ಕೆಳಗೆ ಜೋಳದ ಮೇಲೆ ಅದು ಚಂದವಾಗಿ ಮಿನುಗುತ್ತ ಕೂತಿತ್ತು. ಉರಿಯುವ ದೀಪಕ್ಕೆ ಗಾಳಿ ಬೇಕು, ಒಳಗೆ ಕೆಟ್ಟ ಗಾಳಿ ತುಂಬಿದ್ದರೆ ಅದು ಆರುತ್ತದೆ, ಅದಕ್ಕೇ ಹಿಂದಿನವರು ದೀಪ ಬಿಡುತ್ತಿದ್ದರು. ಬ್ಯಾಟರಿಯ ಬಲ್ಬಿಗೆ ಗಾಳಿಯ ಗೊಡವೆ ಇಲ್ಲ, ಅದು ಬಾವಿಯ ತಳದಲ್ಲೂ ಬೆಳಗುತ್ತದೆ. ಅಷ್ಟು ಡಿಗ್ರಿಗಳು ಆ ಶಾಮಿಯಾನದ ಕೆಳಗೆ ಸೇರಿದ್ದವು, ಇಷ್ಟು ಸಣ್ಣ ಮಾತು ಒಬ್ಬರ ತಲೆಗೂ ಹೊಳೆಯಲಿಲ್ಲ. ನನ್ನ ತಲೆಗೂ ಹೊಳೆಯಲಿಲ್ಲ, ನಾನು ಅವರ ನಾಮ ಬೆವರಿಗೆ ಇಳಿದದ್ದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ.

“ನೋಡ್ರಿ, ಆರಿಲ್ಲ,” ಎಂದರು ನಮ್ಮವರು. ಜನ ಚಪ್ಪಾಳೆ ತಟ್ಟಿದರು.

ಇಳಿಯಬೇಕಾದವನು ಮಾಳಿಂಗ ಎಂದು ಮೊದಲೇ ಗೊತ್ತಾಗಿತ್ತು. ಅವನು ಅಂಗಿ ಕಳಚಿ ಹೆಂಡತಿ ರಾಜಶ್ರೀಯ ಕೈಗೆ ಕೊಟ್ಟು, ಬುಟ್ಟಿ ತೆಗೆದುಕೊಂಡ. ಸುಮ್ಮನೆ ಇರಬೇಕಾಗಿತ್ತು ನಾನು. ಆದರೆ ಮಡಿಯ ಮಹಾಪುರುಷರು ಮೇಲೆ ನಿಂತು ಬೆರಳು ತೋರಿಸುವುದು, ಬೇರೆಯವನು ಇಳಿಯುವುದು, ಆಮೇಲೆ ಆ ಬುಟ್ಟಿ ಇವರ ತಲೆಯ ಮೇಲೆ ಮೆರವಣಿಗೆ ಹೋಗುವುದು, ಇದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

“ದೇವರ ನೈವೇದ್ಯ ಅಂತೀರಿ, ಮಡಿ ಉಟಗೊಂಡವರು ನೀವು, ಇಳಿಯಾಂವ ಮಾಳಿಂಗ. ಇರ್ಲಿ ಬಿಡ್ರಿ. ನಿಮ್ಮ ಕೈಲೆ ಆಗೂ ಕೆಲಸ ಅಲ್ಲ ಅದು.”

ಜನ ನಕ್ಕರು. ಕಾಂತು ಎಲ್ಲರಿಗಿಂತ ಜೋರಾಗಿ ನಕ್ಕ, ವೆಂಕಟೇಶ ಮೊಬೈಲನ್ನು ನನ್ನ ಕಡೆ ತಿರುಗಿಸಿದ. ನಮ್ಮವರು ನಗಲಿಲ್ಲ. ಚೀಲ ಕಳಚಿ ಕೆಳಗಿಟ್ಟರು.

“ಮಾಳಿಂಗ, ನೀ ಸರಿ. ನಾ ಇಳಿತೇನಿ.”

ಬೇಡ, ನಿಮಗೆ ರೂಢಿ ಇಲ್ಲ ಎಂದು ಮಾಳಿಂಗ ತಡೆದ. ಅವನು ಕಾಳಜಿಯಿಂದಲೇ ಹೇಳಿದ್ದು, ಆದರೆ ಆ ಹೊತ್ತಿಗೆ ಅದು ನನ್ನ ಮಾತಿಗೆ ಸೇರಿಸಿದ ಇನ್ನೊಂದು ಮಾತಾಯಿತು. ನಮ್ಮವರು ಕಚ್ಚೆ ಬಿಗಿ ಮಾಡಿಕೊಂಡರು. ಇಳಿಯುವುದಾದರೆ ಹಗ್ಗವನ್ನಾದರೂ ಕಟ್ಟಿಕೊಳ್ಳಿ, ಹೊರಗೆ ಎಳೆಯಲು ಬರುತ್ತದೆ ಎಂದೆ. ಅದನ್ನೂ ಕುಹಕದಿಂದಲೇ ಅಂದೆ. ಮಾಳಿಂಗ ಎತ್ತಿನ ಹಗ್ಗ ತಂದ. ಮಡಿಗೆ ಅದು ನಡೆಯುವುದಿಲ್ಲ. ಚೀಲದ ನೈಲಾನ್ ಹಗ್ಗ ಹೊಸದು, ನಡೆಯುತ್ತದೆ. ಅದರ ಪಾಕೀಟು ಎಷ್ಟು ಎಳೆದರೂ ಹರಿಯದೆ, ಕತ್ತರಿ ಯಾರ ಹತ್ತಿರವೂ ಇಲ್ಲದೆ, ಕಡೆಗೆ ವೆಂಕಟೇಶ ಹಲ್ಲಿನಿಂದ ಕಚ್ಚಿ ಹರಿದ. ತರಬೇತಿಯಲ್ಲಿ ಕಲಿತ ಗಂಟನ್ನು ನಮ್ಮವರು ಸೊಂಟಕ್ಕೆ ತಾವೇ ಹಾಕಿಕೊಂಡರು. ಸುಳ್ಳು ಹೇಳಬಾರದು, ಆ ಗಂಟು ಬಿಚ್ಚಿಕೊಳ್ಳಲಿಲ್ಲ. ಮಾಳಿಂಗ ಇಳಿದಿದ್ದರೆ ಅವನ ಸೊಂಟಕ್ಕೆ ಹಗ್ಗ ಕಟ್ಟುವ ಯೋಚನೆ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ.

ಒಳಗೆ ಇಳಿಬಿಟ್ಟ ಏಣಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಇಳಿದರು. ತಲೆ ಕಾಣದಾಯಿತು. ಕೆಳಗೆ ಜೋಳದ ಮೇಲೆ ಕಾಲಿಟ್ಟು ನಿಂತದ್ದು ಕಂದೀಲಿನ ಬೆಳಕಿನಲ್ಲಿ ಕಂಡಿತು. ಬುಟ್ಟಿ ಹಿಡಿದು ಬಗ್ಗಿದರು. ಬಗ್ಗಿದವರು ಮೊಣಕಾಲೂರಿದರು. ಆಮೇಲೆ ಹಣೆ ಜೋಳಕ್ಕೆ ತಾಗಿತು.

ಅಪ್ಪ-ಅಜ್ಜಂದಿರ ಅನ್ನಕ್ಕೆ ನಮಸ್ಕಾರ ಮಾಡುತ್ತಿದ್ದಾರೆ ಎಂದು ಮಂಜರಿ ಗದ್ಗದಳಾದಳು. ಮೇಲಿದ್ದವರೆಲ್ಲ ಕೈ ಮುಗಿದರು. ಒಬ್ಬರು ಸ್ತೋತ್ರ ಶುರು ಮಾಡಿ ಉಳಿದವರು ದನಿಗೂಡಿಸಿದರು. ಕೆಳಗೊಬ್ಬ ಮನುಷ್ಯ ಸಾಯುತ್ತಿದ್ದ, ಮೇಲೆ ನಾವು ಸ್ತೋತ್ರ ಹೇಳುತ್ತಿದ್ದೆವು.

ನಾನು ಅವರ ಜೊತೆ ಬಾಳಿದವಳು. ತಿರುಪತಿಯಲ್ಲಿಯೂ ಅವರು ಅಷ್ಟು ಹೊತ್ತು ತಲೆಬಾಗಿದವರಲ್ಲ. ರೀ ಎಂದು ಕೂಗಿದೆ. ಏಳಿರಿ ಸಾಕು ಎಂದೆ. ಅವರ ಬೆನ್ನು ಅಲುಗಲಿಲ್ಲ. ಇಲ್ಲಿಯ ತನಕ ನನ್ನ ಯಾವ ಮಾತಿಗೂ ಅವರು ತಿರುಗಿ ನೋಡದೆ ಇದ್ದದ್ದಿಲ್ಲ, ಸಿಟ್ಟಿನಿಂದಾದರೂ ನೋಡುತ್ತಿದ್ದರು.

“ಎಳಿಯೋ ಮಾಳಿಂಗ, ಎಳಿ. ಅವರಿಗೆ ಏನೋ ಆಗೇದ.”

ಮಾಳಿಂಗ ಏಣಿ ಕಿತ್ತು ಹೊರಗೆ ಹಾಕಿ ಹಗ್ಗ ಎಳೆದ. ಸನ್ನದ್ಧ ಕುಟುಂಬ ಆಗ ಸಾಮೂಹಿಕವಾಗಿ ಎದ್ದು ನಿಂತಿತು. ಕಾಂತು ‘ಎಳಿಯಬ್ಯಾಡ್ರಿ, ಎಳೀರಿ’ ಎಂದು ಎರಡನ್ನೂ ಕೂಗಿದ. ಮಂಜರಿ ಕೆಂಪು ಚೀಲದಿಂದ ಸೀಟಿ ತೆಗೆದು ಊದತೊಡಗಿದಳು, ಯಾರನ್ನು ಕರೆಯಲು ಎಂದು ದೇವರಿಗೇ ಗೊತ್ತು, ಇಡೀ ಊರು ಅಲ್ಲೇ ಇತ್ತು. ವೆಂಕಟೇಶ ಅಂಬುಲೆನ್ಸಿಗೆ ಫೋನ್ ಮಾಡಿದ. ಅವರು ಇಂಡಿಯಿಂದ ಕೂಡಲೇ ಹೊರಟರು, ಆದರೆ ಇಂಡಿ ಅಲ್ಲಿ ಮಗ್ಗುಲಲ್ಲಿ ಇಲ್ಲ. ವೆಂಕಟೇಶನ ಇನ್ನೊಂದು ಕೈಯಲ್ಲಿ ಇನ್ನೊಂದು ಮೊಬೈಲು ವಿಡಿಯೋ ಮಾಡುತ್ತಲೇ ಇತ್ತು.

ಸೊಂಟಕ್ಕೆ ಕಟ್ಟಿದ ಹಗ್ಗ ಎಳೆದರೆ ಮನುಷ್ಯ ನೆಟ್ಟಗೆ ಬರುವುದಿಲ್ಲ, ನಡುವಿನಲ್ಲಿ ಮಡಚಿ ಬರುತ್ತಾನೆ. ಬಾಯಿಯ ತನಕ ಬಂದ ಮೈ ಅಡ್ಡವಾಗಿ ಸಿಕ್ಕಿಕೊಂಡಿತು. ಬೆನ್ನು ಕಾಣುತ್ತಿತ್ತು, ತಲೆ ಕೈ ಕಾಲು ಎಲ್ಲ ಕೆಳಗೆ ಜೋತುಬಿದ್ದಿದ್ದವು. ಎಳೆದಷ್ಟೂ ಬಿಗಿಯಿತು. ಮಾಳಿಂಗ ಹಗ್ಗ ಬಿಡುವಂತಿಲ್ಲ, ಬಿಟ್ಟರೆ ಮತ್ತೆ ತಳಕ್ಕೆ ಬೀಳುತ್ತಾರೆ. ಉಳಿದವರು ಸುತ್ತ ನಿಂತು ಸಲಹೆ ಕೊಡುತ್ತಿದ್ದರು.

ನಾನು ಅಂಗಳದಲ್ಲಿ ಬೋರಲು ಮಲಗಿದೆ. ಸೀರೆ, ವಯಸ್ಸು, ಬೀಗರು, ಯಾವುದೂ ನೆನಪಾಗಲಿಲ್ಲ. ಮಾಳಿಂಗನಿಗೆ ಸ್ವಲ್ಪ ಸಡಿಲ ಬಿಡು ಎಂದು ಹೇಳಿ, ಅವರ ಮೈಯ ಪಕ್ಕದ ಸಂದಿಯಲ್ಲಿ ತಲೆ ಭುಜ ತೂರಿಸಿ ಕೆಳಗೆ ಜೋತೆ. ರಾಜಶ್ರೀ ಕೇಳದೆ ಬಂದು ನನ್ನ ಕಾಲ ಮೇಲೆ ಕೂತಳು, ಇಲ್ಲದಿದ್ದರೆ ನಾನೂ ಹೋಗುತ್ತಿದ್ದೆ. ಒಂದು ಉಸಿರು ಎಳೆದದ್ದೇ ತಲೆ ಗಿರ್ರೆಂದಿತು. ಆಮೇಲೆ ಉಸಿರು ಕಟ್ಟಿದೆ. ಕೈಗೆ ಮೊದಲು ಕಿವಿ ಸಿಕ್ಕಿತು, ಆಮೇಲೆ ಒಂದು ಮಣಿಕಟ್ಟು, ಆಮೇಲೆ ಇನ್ನೊಂದು. ಎರಡನ್ನೂ ತಲೆಯ ಮೇಲಕ್ಕೆ ಎಳೆದುಕೊಂಡೆ. ಮೈ ನೆಟ್ಟಗಾಯಿತು. ರಾಜಶ್ರೀ ನನ್ನನ್ನು ಹಿಂದಕ್ಕೆಳೆದಳು, ಮಾಳಿಂಗ ಅವರನ್ನು ಮೇಲಕ್ಕೆಳೆದ. ಕಲ್ಲಿನ ಅಂಚಿಗೆ ಅವರ ಎದೆಯ ಚರ್ಮ ಕಿತ್ತು ಬಂತು, ನನ್ನ ಬಳೆಗಳೆಲ್ಲ ಒಡೆದು ಮುಂಗೈ ರಕ್ತವಾಯಿತು. ಆ ಒಡೆದ ಬಳೆ ಕಂಡು ಅಪಶಕುನ ಎಂದು ಯಾರೋ ಗುನುಗಿದರು. ಅವರು ಯಾರೆಂದು ತಿರುಗಿ ನೋಡಲು ಪುರುಸೊತ್ತು ಇರಲಿಲ್ಲ, ಇದ್ದಿದ್ದರೆ ಇವತ್ತು ಅವರ ಹೆಸರೂ ಇಲ್ಲಿ ಇರುತ್ತಿತ್ತು.

ಅವರನ್ನು ಅಂಗಾತ ಮಲಗಿಸಿದೆವು. ಮುಖ ಕಪ್ಪಿಟ್ಟಿತ್ತು. ಎದೆ ಒತ್ತಿ ಎಂದು ಕಾಂತು ಕೂಗಿದ. ಹೇಗೆ ಒತ್ತಬೇಕೆಂದು ಯಾರಿಗೆ ಗೊತ್ತು. ಆ ಅಂಗಳದಲ್ಲಿ ಎದೆ ಒತ್ತುವುದನ್ನು ಕಲಿತಿದ್ದವರು ಒಬ್ಬರೇ, ಅವರೇ ಅಲ್ಲಿ ಮಲಗಿದ್ದರು. ಅವರ ಪ್ರಮಾಣಪತ್ರ ಇಂಡಿಯ ಗೋಡೆಯ ಮೇಲಿತ್ತು. ನಾನು ಅವರ ಗಲ್ಲಕ್ಕೆ ಹೊಡೆದೆ. ಹೆಸರು ಹಿಡಿದು ಕರೆದೆ, ಹೆಂಡತಿಯಾದವಳು ಕರೆಯಬಾರದ ಹೆಸರು. ಸಂಕರ್ಷಣ, ಏಳು ಎಂದೆ. ಮೂರ್ಖ, ಏಳು ಎಂದೆ. ನನಗೆ ಅವರು ಬೇಕಾಗಿತ್ತು. ಮೊಳೆ ಹೊಡೆಯಲು ಬಾರದ, ಕಾಯಿ ಒಡೆಯಲು ಬಾರದ ಆ ಮನುಷ್ಯನೇ ಬೇಕಾಗಿತ್ತು. ಬೇರೆ ಯಾವ ಕೆಲಸಕ್ಕೂ ಅಲ್ಲ, ಬರೀ ಬೇಕಾಗಿತ್ತು.

ಹೊರಗಿನ ಗಾಳಿಯೇ ಅವರನ್ನು ಬದುಕಿಸಿತು. ಗೊರಕೆಯಂಥ ಒಂದು ಸದ್ದು ಬಂತು, ಆಮೇಲೆ ಕೆಮ್ಮು, ಆಮೇಲೆ ವಾಂತಿ. ಕಣ್ಣು ಬಿಟ್ಟು ಬಹಳ ಹೊತ್ತು ಶಾಮಿಯಾನದ ಬಟ್ಟೆ ನೋಡಿದರು. ಮೊದಲು ಕೇಳಿದ ಮಾತು ಇದು.

“ಕಂದೀಲು ಆರಿತ್ತೇನು?”

“ಇಲ್ರಿ,” ಎಂದೆ. “ಇನ್ನೂ ಉರೀಲಿಕ್ಕೆ ಹತ್ತೇದ.”

ಅವರಿಗೆ ಸಮಾಧಾನವಾದಂತೆ ಕಂಡಿತು. ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡಕ್ಕೂ ಮೊದಲು ಅಂಬುಲೆನ್ಸ್ ಬಂತು.

ಇಂಡಿಯ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಮುಚ್ಚಿಟ್ಟ ಜೋಳ ಒಳಗೆ ಹುಳಿತು ಕೆಟ್ಟ ಗಾಳಿ ಬಿಡುತ್ತದೆ, ಅದು ಭಾರ, ತಳದಲ್ಲೇ ನಿಲ್ಲುತ್ತದೆ, ಹಿಂದೆ ಹೀಗೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಇಳಿದು ಸತ್ತದ್ದುಂಟು ಎಂದು ತಿಳಿಸಿ ಹೇಳಿದರು. ಇಳಿಯುವ ಮೊದಲು ದೀಪ ಬಿಡಬೇಕಿತ್ತಲ್ಲ ಎಂದರು. ಬಿಟ್ಟಿದ್ದೆವು ಎಂದೆ. ಆರಲಿಲ್ಲವೇ ಎಂದರು. ಅದು ಬ್ಯಾಟರಿಯದು ಎಂದೆ. ಡಾಕ್ಟರು ನನ್ನ ಮುಖ ನೋಡಿ ಮುಂದಿನ ಹಾಸಿಗೆಗೆ ಹೋದರು. ಅವರ ಜಾಗದಲ್ಲಿ ನಾನಿದ್ದರೆ ಸುಮ್ಮನೆ ಹೋಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನೋಡಲು ಜನ ಬರತೊಡಗಿದರು. ನಮ್ಮವರು ದಿಂಬಿಗೆ ಒರಗಿ ಕೂತು, ಎದೆಯ ಪಟ್ಟಿ ಕಾಣುವಂತೆ ಶಾಲು ಹೊದ್ದು, ಒಬ್ಬೊಬ್ಬರಿಗೂ ಮೊದಲಿನಿಂದ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಕಥೆ ಬೆಳೆಯಿತು. ಮೊದಲ ದಿನ ಹಗ್ಗ ಗಟ್ಟಿ ಇತ್ತು ಎಂದವರು, ಆಮೇಲೆ ಆ ಗಂಟು ತಾವು ಮುಂದಾಲೋಚನೆಯಿಂದ ಹಾಕಿದ್ದು ಎಂದರು. ವಾರ ಕಳೆಯುವ ಹೊತ್ತಿಗೆ ಇದೆಲ್ಲ ಒಂದು ರೀತಿಯ ಅಣಕು ಕಾರ್ಯಾಚರಣೆ ಆಗಿತ್ತು, ಅದರಲ್ಲಿ ಸನ್ನದ್ಧ ಕುಟುಂಬ ಚೆನ್ನಾಗಿ ತೇರ್ಗಡೆಯಾಗಿತ್ತು. ವೆಂಕಟೇಶ ತೆಗೆದ ವಿಡಿಯೋ ಸಿಂದಗಿಯಲ್ಲಿ ಮನೆಮನೆಗೂ ಹೋಯಿತು. ಮಂಜರಿ ಸೀಟಿ ಊದಿದ್ದಕ್ಕೆ ಅವಳ ಕಾಲೇಜಿನಲ್ಲಿ ಶಾಲು ಹೊದಿಸಿದರಂತೆ. ಮಾಳಿಂಗನ ಹೆಸರು ಕಥೆಯಿಂದ ಯಾವಾಗ ಬಿದ್ದುಹೋಯಿತೋ ಗೊತ್ತಾಗಲಿಲ್ಲ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ತಿದ್ದಲು ಹೋಗಲಿಲ್ಲ. ಬದುಕಿದ ಗಂಡ ಸುಳ್ಳು ಹೇಳಿದರೆ ಹೇಳಲಿ ಎಂದು ಮೊದಲೆರಡು ದಿನ ಅನ್ನಿಸಿತು, ಮೂರನೆಯ ದಿನಕ್ಕೆ ನಾಲಿಗೆ ತುರಿಸತೊಡಗಿತು.

ಎದುರುಮನೆಯ ರಾಚಪ್ಪನವರು ಬಂದ ದಿನ ಬೈಠಕಿನಲ್ಲಿ ಇನ್ನೂ ನಾಲ್ಕಾರು ಜನ ಇದ್ದರು. ರಾಚಪ್ಪನವರು ಕಥೆಯನ್ನು ಕೊನೆಯ ತನಕ ಕೇಳಿದರು, ಗಂಟಿನ ವಿಷಯಕ್ಕೆ ತಲೆದೂಗಿದರು. ಆಮೇಲೆ ಯಾರೂ ಕೇಳದೆ ಇದ್ದ ಪ್ರಶ್ನೆ ಕೇಳಿದರು.

“ಅಲ್ರಿ ರಾಯರ, ಇಳಿಯಾಕ ಮಾಳಿಂಗ ಇದ್ದನಲ್ರಿ. ಈ ವಯಸ್ಸಿನ್ಯಾಗ ನೀವ್ಯಾಕ ಇಳದ್ರಿ?”

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೈವೇದ್ಯ, ಮಡಿ, ಪೂರ್ವಜರು ಎಂದು ಏನಾದರೊಂದು ಬರುತ್ತದೆ ಎಂದು ಕಾದೆ. ಅವರು ಶಾಲಿನ ಅಂಚು ಸರಿಮಾಡಿಕೊಂಡರು.

“ನನ್ನ ಕೈಲೆ ಏನೂ ಆಗೂದಿಲ್ಲ ಅಂತ ನಮ್ಮ ಮನ್ಯಾಗ ಒಬ್ಬರು ಲಗ್ನ ಆದಾಗಿಂದ ಹೇಳಿಕೋತ ಬಂದಾರ್ರಿ. ಒಂದ್ಸಲರೆ ಅವರ ಮಾತು ಸುಳ್ಳ ಮಾಡೂಣು ಅನಿಸ್ತು.”

ಎಲ್ಲರೂ ಹೋ ಎಂದು ನಕ್ಕರು. ರಾಚಪ್ಪನವರು ನನ್ನ ಕಡೆ ನೋಡಿ, ಕೇಳಿದಿರಾ ಎಂಬಂತೆ ಹುಬ್ಬು ಹಾರಿಸಿದರು. ನಮ್ಮವರು ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ಕೂತವರಿಗೆ ಬಿಸ್ಕೀಟು ತೆಗೆದುಕೊಳ್ಳಿ ಎಂದರು.

ನನಗೆ ಮರುಮಾತು ಹೊಳೆದಿತ್ತು. ಸುಳ್ಳಾಯಿತೇನು ಮತ್ತೆ ಎಂದು ಕೇಳಿದ್ದರೆ ಬೈಠಕು ಇನ್ನೊಮ್ಮೆ ನಗುತ್ತಿತ್ತು. ಮಾತು ತುಟಿಯ ತನಕ ಬಂದಿತ್ತು ಕೂಡ. ನಾನು ಚಹಾದ ಕಪ್ಪುಗಳನ್ನು ಒಂದೊಂದಾಗಿ ಅವರವರ ಮುಂದೆ ಇಟ್ಟು ಒಳಗೆ ಬಂದೆ. ಹಗೇವಿನ ಬಾಯಿಯ ಮುಂದೆ ನಾನು ಹೇಳಿದ ಮಾತಿಗೂ ಜನ ಹೀಗೆಯೇ ನಕ್ಕಿದ್ದರು.